ಡಸ್ಟ್ ಜಾಕೆಟ್‌ನ ಸ್ಥಿತಿ ನೋಡೋದು ಹೇಗೆ? ತಿರುಗಿಸಿ ಹಾಕಿ, ಒಳಮೈಯಿಂದ ಶುರುಮಾಡಿ

ಡಸ್ಟ್ ಜಾಕೆಟ್ ಅಂದರೆ ಗಟ್ಟಿ ರಟ್ಟಿನ ಪುಸ್ತಕದ ಮೇಲೆ ಹೊದಿಸಿರುವ, ಬೇಕಾದಾಗ ತೆಗೆಯಬಹುದಾದ ಕಾಗದದ ಹೊದಿಕೆ. ಹಳೆ ಪುಸ್ತಕ ಮಾರುವವರು "ಜಾಕೆಟ್ ಚೆನ್ನಾಗಿದೆ" ಎಂದು ಬರೆದಿರುತ್ತಾರೆ. ಚೆನ್ನಾಗಿದೆ ಅಂದ್ರೆ ಎಷ್ಟು ಚೆನ್ನಾಗಿದೆ? ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ಜಾಕೆಟ್ ಪುಸ್ತಕದ ಮೇಲೆ ಇದ್ದ ಹಾಗೆಯೇ ಮುಂದೊಂದು ಸಲ, ಹಿಂದೊಂದು ಸಲ ಕಣ್ಣಾಡಿಸಿ ಮುಗಿಸಿಬಿಟ್ಟಿರುತ್ತಾರೆ. ಇಪ್ಪತ್ತನೇ ಶತಮಾನದ ಮೊದಲ ಮುದ್ರಣಗಳನ್ನು ಕೂಡಿಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಪುಸ್ತಕಗಳಲ್ಲಿ ಬೆಲೆಯ ದೊಡ್ಡ ಪಾಲು ಆ ಒಂದು ಹಾಳೆಯ ಮೇಲೇ ನಿಂತಿರುತ್ತದೆ. ಹಾಗಾಗಿ ಪುಸ್ತಕವನ್ನು ಒಂದು ವಸ್ತು, ಜಾಕೆಟನ್ನು ಇನ್ನೊಂದು ವಸ್ತು ಅಂದುಕೊಂಡು ಎರಡನ್ನೂ ಬೇರೆ ಬೇರೆ ನೋಡಬೇಕು.

ನಾನು ಹೇಳೋದು ಇಷ್ಟೇ: ಒಳಮೈ ನೋಡದೆ ದರ್ಜೆ ಹೇಳಬೇಡಿ. ಹೊರಮೈ ಇರುವುದೇ ತೋರಿಸಿಕೊಳ್ಳಲಿಕ್ಕೆ. ಗಾಢ ಬಣ್ಣ, ಚಿತ್ರ, ಹೊಳಪು ಎಲ್ಲ ಸೇರಿ ನೂರು ದೋಷ ಮುಚ್ಚುತ್ತವೆ. ಒಳಮೈಯಲ್ಲಿ ಹೆಚ್ಚಾಗಿ ಬರೀ ಖಾಲಿ ಕಾಗದ ಇರುತ್ತದೆ. ಅಲ್ಲಿ ಏನನ್ನು ಮುಚ್ಚಿಡುವುದೂ ಕಷ್ಟ.

ಈ ಹಾಳೆಗೆ ಯಾಕಿಷ್ಟು ಬೆಲೆ ಎಂದರೆ, ಜನ ಅದನ್ನು ಎಸೆಯುತ್ತಿದ್ದರು. ಶುರುವಿನಲ್ಲಿ ಅದು ಅಂಗಡಿಯಿಂದ ಮನೆಗೆ ಬರುವ ತನಕ ಪುಸ್ತಕ ಕೊಳೆಯಾಗದಿರಲಿ ಎಂದು ಸುತ್ತಿದ ಕಾಗದ ಅಷ್ಟೇ. ಈಗ ಗೊತ್ತಿರುವ ತೀರಾ ಹಳೆಯ ಜಾಕೆಟ್‌ಗಳಲ್ಲಿ ಒಂದು 1829ರ ಫ್ರೆಂಡ್‌ಶಿಪ್ಸ್ ಆಫರಿಂಗ್ ಎಂಬ ಇಂಗ್ಲಿಷ್ ವಾರ್ಷಿಕದ್ದು. ಅದು ಇರುವುದು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ. ಈಗಿನ ಹಾಗೆ ಫ್ಲ್ಯಾಪ್, ಅಂದರೆ ರಟ್ಟಿನ ಒಳಕ್ಕೆ ಮಡಿಚುವ ಪಟ್ಟಿ, ಇರುವ ಜಾಕೆಟ್ ಅದಲ್ಲ, ಇಡೀ ಪುಸ್ತಕವನ್ನು ಪೊಟ್ಟಣದ ಹಾಗೆ ಸುತ್ತಿ ಅರಗು ಹಾಕಿ ಮುಚ್ಚಿದ ಕಾಗದ. ಬಿಚ್ಚುವಾಗಲೇ ಹರಿಯುವಂಥದ್ದು. ಚಿತ್ರವಿರುವ ಜಾಕೆಟ್‌ಗಳು ಮಾಮೂಲಿಯಾದ ಮೇಲೂ ಜನ ಅದನ್ನು ತೆಗೆದು ಬಿಸಾಕುವ ಅಭ್ಯಾಸ ಬೇಗ ಬಿಡಲಿಲ್ಲ. ಉಳಿದದ್ದು ಕಡಿಮೆ, ಅದಕ್ಕೇ ಈ ಪರದಾಟ.

ಕೂರುವ ಮೊದಲು

ಖಾಲಿ ಮೇಜು, ಅದರ ಮೇಲೆ ಒಂದು ದೊಡ್ಡ ಬಿಳಿ ಹಾಳೆ. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಹತ್ತಿ ಗ್ಲೌಸ್ ಬೇಡ. ನೋಡಲಿಕ್ಕೆ ಭಾರಿ ಕಾಳಜಿಯ ಹಾಗೆ ಕಾಣುತ್ತದೆ, ಆದರೆ ಬೆರಳಿಗೆ ಕಾಗದದ ಅಂಚು ಸಿಗುವುದಿಲ್ಲ, ಸಣ್ಣ ಹರಕಿಗೆ ನೂಲು ಸಿಕ್ಕಿಕೊಂಡು ಇನ್ನಷ್ಟು ಹರಿಯುತ್ತದೆ. ಮಿಲಿಮೀಟರ್ ಗುರುತಿರುವ ಸ್ಕೇಲ್, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಮಾಮೂಲಿ ಟಾರ್ಚ್ ಇಟ್ಟುಕೊಳ್ಳಿ. ಸಿಕ್ಕರೆ ಒಂದು ಯುವಿ, ಅಂದರೆ ಅತಿನೇರಳೆ ಬೆಳಕಿನ ಟಾರ್ಚ್ ಕೂಡ. 365 ನ್ಯಾನೊಮೀಟರ್ ಎಂದು ಬರೆದದ್ದೇ ತಗೊಳ್ಳಿ. ಅಗ್ಗದ ಟಾರ್ಚ್‌ಗಳು ಜಾಸ್ತಿ ನೇರಳೆ ಬೆಳಕನ್ನೇ ಚೆಲ್ಲುತ್ತವೆ, ಕಾಗದ ನಿಜವಾಗಿ ಹೊಳೆಯುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಜಾಕೆಟ್ ತೆಗೆಯುವಾಗ ಮೇಲಿನಿಂದ ಎಳೆಯಬೇಡಿ. ಪುಸ್ತಕವನ್ನು ಮಲಗಿಸಿ, ಮುಂದಿನ ರಟ್ಟು ತೆರೆದು ಫ್ಲ್ಯಾಪನ್ನು ನಿಧಾನಕ್ಕೆ ಬಿಡಿಸಿ. ಆಮೇಲೆ ಹಿಂದಿನದು. ಕೊನೆಗೆ ಪುಸ್ತಕವನ್ನೇ ಎತ್ತಿ ಪಕ್ಕಕ್ಕಿಡಿ, ಜಾಕೆಟ್ ಮೇಜಿನ ಮೇಲೇ ಉಳಿಯಲಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನೂ ತೆಗೆಯಿರಿ. ಹೊಳೆಯುವ ಪ್ಲಾಸ್ಟಿಕ್ ಕೆಳಗೆ ಎಂಥ ಜಾಕೆಟ್ಟೂ ಒಂದು ದರ್ಜೆ ಮೇಲೆಯೇ ಕಾಣುತ್ತದೆ. ಆದರೆ ಗ್ರಂಥಾಲಯದ ಪ್ರತಿಗಳಲ್ಲಿ ಪ್ಲಾಸ್ಟಿಕನ್ನು ರಟ್ಟಿಗೇ ಅಂಟಿಸಿರುತ್ತಾರೆ. ಅಂಥದ್ದನ್ನು ಕೀಳಲು ಹೋಗಬೇಡಿ. "ಅಂಟಿಸಿದೆ, ಒಳಮೈ ನೋಡಲಾಗಲಿಲ್ಲ" ಎಂದು ಬರೆದುಕೊಳ್ಳಿ, ಸಾಕು.

ಒಳಮೈ

ಜಾಕೆಟನ್ನು ಮಗುಚಿ ಹಾಕಿ. ಪೂರ್ತಿ ಚಪ್ಪಟೆ ಮಾಡಲು ಒತ್ತಬೇಡಿ. ಹಳೆ ಕಾಗದದ ಮಡಿಕೆ ಒಂದೇ ಏಟಿಗೆ ಸೀಳಿಹೋಗಬಹುದು.

ಮೊದಲು ಕಣ್ಣಿಗೆ ಬೀಳುವುದು ಟೇಪ್. ಪಾರದರ್ಶಕ ಸೆಲೋಫೇನ್ ಟೇಪ್ ಬಂದದ್ದು 1930ರಲ್ಲಿ. ಅಲ್ಲಿಂದ ಮುಂದೆ ಹರಿದ ಜಾಕೆಟ್ ಕಂಡ ಮನೆಯವರೆಲ್ಲ, ಅಂಗಡಿಯವರೆಲ್ಲ, ಒಳ್ಳೆಯ ಮನಸ್ಸಿನಿಂದಲೇ ಟೇಪ್ ಹಚ್ಚುತ್ತಾ ಬಂದರು. ರಬ್ಬರಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ, ಕಂದಾಗಿ, ಕಾಗದದೊಳಗೆ ಇಳಿಯುತ್ತದೆ. ಕೊನೆಗೆ ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾನೇ ಉದುರಿ ಬೀಳುತ್ತದೆ, ಜೇನಿನ ಬಣ್ಣದ ಗಟ್ಟಿ ಕಲೆ ಮಾತ್ರ ಉಳಿಯುತ್ತದೆ. ಆ ಕಲೆ ಹೊರಮೈಗೆ ದಾಟಿದೆಯಾ ಎಂದು ತಿರುಗಿಸಿ ನೋಡಿ. ದಾಟಿದ್ದರೆ ದೋಷ ಎರಡಾಯಿತು, ಒಳಗಿನ ಟೇಪ್ ಒಂದು, ಹೊರಗಿನ ಕಲೆ ಒಂದು. ದಾಟಿಲ್ಲದಿದ್ದರೂ ಟೇಪ್ ಎಷ್ಟು ಉದ್ದ, ಯಾವ ಜಾಗ ಎಂದು ಬರೆಯಲೇಬೇಕು. ಕೀಳುವ ಕೆಲಸ ಮಾತ್ರ ನಿಮ್ಮದಲ್ಲ, ಟೇಪ್ ಜೊತೆ ಕಾಗದದ ಪದರವೂ ಎದ್ದು ಬರುತ್ತದೆ.

ಎಲ್ಲ ರಿಪೇರಿಯೂ ಕೆಟ್ಟದ್ದಲ್ಲ. ತೆಳ್ಳನೆಯ ಜಪಾನಿ ಕಾಗದವನ್ನು ಗೋಧಿ ಗಂಜಿಯಿಂದ ಹಚ್ಚಿದ ರಿಪೇರಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಅಂಚಿನಲ್ಲಿ ಎಳೆ ಎಳೆಯಾದ ನಾರು ಕಾಣುತ್ತದೆ, ಹೊಳಪಿರುವುದಿಲ್ಲ. ಇದು ತಿಳಿದವರ ಕೆಲಸ. ನೀರು ತಾಗಿಸಿ ವಾಪಸ್ ಬಿಡಿಸಬಹುದು. ಹಾಗಂತ ಇದನ್ನು ಹೇಳದೆ ಬಿಡುವ ಹಾಗೂ ಇಲ್ಲ. ರಿಪೇರಿ ಚೆನ್ನಾಗಿದ್ದರೂ ಅದು ರಿಪೇರಿಯೇ.

ಇನ್ನು ನೀರಿನ ಕಲೆ. ಕಪ್ಪು ಇಲ್ಲ ಕಡುನೀಲಿ ಜಾಕೆಟ್‌ನ ಹೊರಗೆ ಏನೂ ಗೊತ್ತಾಗುವುದಿಲ್ಲ. ಒಳಗೆ ನೋಡಿದರೆ ಕೆಳ ಅಂಚಿನಿಂದ ಮೇಲಕ್ಕೆ ಏರಿದ, ಅಲೆಯ ಹಾಗೆ ಬಳುಕಿದ ಕಂದು ಗೆರೆ ಇರುತ್ತದೆ. ನೀರು ಎಲ್ಲಿಯ ತನಕ ಹತ್ತಿ ಒಣಗಿತೋ ಆ ಗಡಿ ಅದು. ಈ ಗೆರೆ ಸಿಕ್ಕರೆ ಪುಸ್ತಕದ ರಟ್ಟಿನ ಅದೇ ಜಾಗ ನೋಡಿ. ಕೆಂಪು ಬಟ್ಟೆಯ ಬೈಂಡಿಂಗ್ ಇದ್ದರೆ ಆ ಬಣ್ಣ ಜಾಕೆಟ್ ಒಳಕ್ಕೆ ಗುಲಾಬಿ ಗುಲಾಬಿಯಾಗಿ ಇಳಿದಿರುವುದೂ ಉಂಟು.

ಬಣ್ಣ ಹಚ್ಚಿದ್ದು ಸಿಗುವುದೂ ಇಲ್ಲೇ. ಹೊರಗೆ ಕಪ್ಪು ಜಾಕೆಟ್‌ನ ಅಂಚು ಸವೆದು ಬಿಳಿ ಕಾಣುತ್ತಿದ್ದರೆ ಕೆಲವರು ಸುಮ್ನೆ ಮಾರ್ಕರ್ ಪೆನ್ ಎಳೆದುಬಿಡುತ್ತಾರೆ. ಮಾರ್ಕರ್ ಶಾಯಿ ಕಾಗದದಲ್ಲಿ ಇಳಿದು ಒಳಗೆ ಕಲೆಯಾಗಿ ಮೂಡುತ್ತದೆ. ಮೂಲ ಮುದ್ರಣದ ಶಾಯಿ ಸಾಮಾನ್ಯವಾಗಿ ಹಾಗೆ ಇಳಿಯುವುದಿಲ್ಲ. ಮಡಿಕೆಗಳ ಉದ್ದಕ್ಕೂ ಒಳಗಡೆ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಹೊರಗೆ ಅದೇ ಜಾಗದಲ್ಲಿ ಭೂತಗನ್ನಡಿ ಹಿಡಿಯಿರಿ.

ಕೊನೆಗೆ ಕಾಗದದ ದಪ್ಪ. ಎರಡು ಬೆರಳ ನಡುವೆ ಫ್ಲ್ಯಾಪ್ ಹಿಡಿದು ನೋಡಿ, ಆಮೇಲೆ ಬೆನ್ನಿನ ಭಾಗ ಹಿಡಿದು ನೋಡಿ. ಒಂದು ಕಡೆ ದಪ್ಪ ಜಾಸ್ತಿ ಅನ್ನಿಸಿದರೆ ಹಿಂದೆ ಇನ್ನೊಂದು ಕಾಗದ ಅಂಟಿಸಿ ಬಲ ಕೊಟ್ಟಿದ್ದಾರೆ. ಕೆಲವು ಸಲ ಇಡೀ ಜಾಕೆಟ್‌ಗೇ ಬೆನ್ನುಕಾಗದ ಹಚ್ಚಿರುತ್ತಾರೆ. ಆಗ ಒಳಮೈ ಅನುಮಾನ ಬರುವಷ್ಟು ಹೊಸದಾಗಿ, ಒಂದು ಕಲೆಯೂ ಇಲ್ಲದೆ ಇರುತ್ತದೆ. ಎಪ್ಪತ್ತು ಎಂಬತ್ತು ವರ್ಷದ ಕಾಗದ ಒಳಗೆ ಬೆಳ್ಳಗಿದ್ದರೆ ಖುಷಿಪಡುವ ಮೊದಲು ಅಂಚಿನಲ್ಲಿ ಎರಡು ಪದರ ಇದೆಯಾ ಎಂದು ನೋಡಿಕೊಳ್ಳಿ.

ಓರೆ ಬೆಳಕು

ಈಗ ಜಾಕೆಟನ್ನು ಸರಿಯಾಗಿ ತಿರುಗಿಸಿ, ಕೋಣೆಯ ದೀಪ ಆರಿಸಿ. ಟಾರ್ಚನ್ನು ಮೇಜಿನ ಮಟ್ಟಕ್ಕೇ ಮಲಗಿಸಿ ಬೆಳಕನ್ನು ಕಾಗದದ ಮೇಲೆ ಜಾರಿಸಿ. ನೇರ ಬೆಳಕಿನಲ್ಲಿ ಏನೂ ಇಲ್ಲ ಅನ್ನಿಸಿದ ಜಾಗದಲ್ಲಿ ಸುಕ್ಕು, ಇಸ್ತ್ರಿ ಹಾಕಿ ಒತ್ತಿದ ಹಳೆ ಮಡಿಕೆ, ಯಾರೋ ಪುಸ್ತಕದ ಮೇಲೆ ಹಾಳೆ ಇಟ್ಟು ಬರೆದ ಪೆನ್ನಿನ ಅಚ್ಚು, ಸ್ಟಿಕ್ಕರ್ ಕಿತ್ತ ಚೌಕ ಎಲ್ಲ ಎದ್ದು ಕಾಣುತ್ತವೆ. ಅಕ್ಷರಗಳನ್ನೇ ಓದುವಷ್ಟು ಸ್ಪಷ್ಟವಾಗಿ ಅಚ್ಚು ಬಿದ್ದಿರುವುದೂ ಉಂಟು. ಲ್ಯಾಮಿನೇಟ್ ಮಾಡಿದ ಜಾಕೆಟ್‌ಗಳಲ್ಲಿ ಪ್ಲಾಸ್ಟಿಕ್ ಪದರ ಕಾಗದದಿಂದ ಬಿಟ್ಟು ಗುಳ್ಳೆ ಎದ್ದಿರುತ್ತದೆ. ಮುಖ್ಯವಾಗಿ ಮಡಿಕೆಯ ಪಕ್ಕ ನೋಡಿ, ಅಲ್ಲಿಂದಲೇ ಅದು ಶುರುವಾಗುವುದು ಹೆಚ್ಚು.

ಅಂಚುಗಳು: ಸ್ಕೇಲ್ ತೆಗೆಯಿರಿ

ಜಾಕೆಟ್ ಎಲ್ಲೆಂದರಲ್ಲಿ ಹಾಳಾಗುವುದಿಲ್ಲ. ಬೆನ್ನಿನ ಮೇಲ್ತುದಿ, ಬೆನ್ನಿನ ಕೆಳತುದಿ, ಎರಡು ಫ್ಲ್ಯಾಪ್ ಮಡಿಕೆಗಳ ನಾಲ್ಕು ಮೂಲೆ. ಈ ಆರು ಜಾಗ ಮೊದಲು ನೋಡಿ. ಕಪಾಟಿನಿಂದ ಪುಸ್ತಕ ತೆಗೆಯುವಾಗ ನಾವೆಲ್ಲ ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯುತ್ತೇವೆ ಅಲ್ವಾ, ಹಾಗಾಗಿ ಅಲ್ಲಿ ಕಾಗದ ಮೊದಲು ಸುಕ್ಕಾಗಿ, ಆಮೇಲೆ ಸೀಳಿ, ಕೊನೆಗೆ ಉದುರಿಹೋಗುತ್ತದೆ. ಜಾಕೆಟ್ ಪುಸ್ತಕಕ್ಕಿಂತ ಒಂಚೂರು ಎತ್ತರ ಇದ್ದರಂತೂ ಕೇಳುವುದೇ ಬೇಡ. 1925ರ ದಿ ಗ್ರೇಟ್ ಗ್ಯಾಟ್ಸ್‌ಬಿ ಎಂಬ ಅಮೆರಿಕನ್ ಕಾದಂಬರಿಯ ಮೊದಲ ಮುದ್ರಣದ ಜಾಕೆಟ್ ಹಾಗೇ ಆಗಿತ್ತು, ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದು. ಮೇಲಂಚು ಪೂರ್ತಿ ಸರಿ ಇರುವ ಪ್ರತಿ ಅಪರೂಪವಾಗಲು ಅದೂ ಒಂದು ಕಾರಣ.

ಹರಕು ಮತ್ತು ಚಿಪ್ ಎರಡನ್ನೂ ಒಂದೇ ಎಂದು ಬರೆಯಬೇಡಿ. ಹರಕು ಅಂದರೆ ಕಾಗದ ಸೀಳಿದೆ, ಆದರೆ ಎರಡೂ ಅಂಚು ಅಲ್ಲೇ ಇವೆ, ಹತ್ತಿರ ತಂದರೆ ಕೂಡಿಕೊಳ್ಳುತ್ತವೆ. ಚಿಪ್ ಅಂದರೆ ತುಂಡೇ ಹೋಗಿದೆ. 30 ಮಿಲಿಮೀಟರ್ ಹರಕನ್ನು ಒಳಗಿನಿಂದ ಜಪಾನಿ ಕಾಗದ ಹಚ್ಚಿ ಕೂಡಿಸಿದರೆ ಹುಡುಕಿದರೂ ಸಿಗದಂತೆ ಮಾಡಬಹುದು. 10 ಮಿಲಿಮೀಟರ್ ಚಿಪ್ಪನ್ನು ತುಂಬಲು ಬೇರೆ ಕಾಗದ ತರಬೇಕು, ಬಣ್ಣ ಹಚ್ಚಬೇಕು, ಬೇಕಾದರೆ ಅಕ್ಷರವನ್ನೂ ಬರೆಯಬೇಕು. ಅದಕ್ಕೇ ಉದ್ದದ ಹರಕಿಗಿಂತ ಗಿಡ್ಡ ಚಿಪ್ ಜಾಸ್ತಿ ಕಾಡುತ್ತದೆ.

ಅಳೆಯುವಾಗ ಹರಕಿಗೆ ಉದ್ದ, ಚಿಪ್ಪಿಗೆ ಅಗಲ ಮತ್ತು ಆಳ. "ಸಣ್ಣ ಚಿಪ್" ಎಂದು ಬರೆಯಬೇಡಿ, ನಿಮ್ಮ ಸಣ್ಣದು ಬೇರೆ, ಅವರ ಸಣ್ಣದು ಬೇರೆ. ಅಳತೆಗಿಂತ ಜಾಗ ಮುಖ್ಯ ಎನ್ನುವುದನ್ನೂ ಮರೆಯಬೇಡಿ. ಹಿಂಬದಿಯ ಕೆಳಮೂಲೆಯಲ್ಲಿ 8 ಮಿಲಿಮೀಟರ್ ಹೋಗಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದೇ 8 ಮಿಲಿಮೀಟರ್ ಬೆನ್ನಿನ ಮೇಲೆ ಶೀರ್ಷಿಕೆಯ ಮೊದಲ ಅಕ್ಷರ ನುಂಗಿದ್ದರೆ ಕಪಾಟಿನಲ್ಲಿ ದಿನಾ ಕಾಣುತ್ತದೆ. ಚಿಪ್ ಅಕ್ಷರಕ್ಕೆ ತಾಗಿದೆಯಾ, ಚಿತ್ರಕ್ಕೆ ತಾಗಿದೆಯಾ, ಖಾಲಿ ಅಂಚಿನಲ್ಲೇ ನಿಂತಿದೆಯಾ, ಇದನ್ನು ಒಂದು ಮಾತಿನಲ್ಲಾದರೂ ಹೇಳಿ.

ಬಣ್ಣ

ಬೆನ್ನು ಹೊರಗಡೆಗೆ ಮುಖ ಮಾಡಿ ನಿಲ್ಲುತ್ತದೆ, ಬೆಳಕು ಬೀಳುವುದು ಅದರ ಮೇಲೆ. ಹಾಗಾಗಿ ಬೆನ್ನಿನ ಬಣ್ಣವನ್ನು ಬೆನ್ನಿನಲ್ಲೇ ನೋಡಿದರೆ ಏನೂ ತಿಳಿಯದು. ಜಾಕೆಟ್ ಚಪ್ಪಟೆಯಾಗಿ ಹರಡಿರುವಾಗ ಮುಂಭಾಗ, ಬೆನ್ನು, ಹಿಂಭಾಗ ಮೂರನ್ನೂ ಒಟ್ಟಿಗೆ ನೋಡಿ. ಮುಂಭಾಗದ ಬಣ್ಣ ಫ್ಲ್ಯಾಪ್ ಮಡಿಕೆ ದಾಟಿ ಒಳಕ್ಕೂ ಒಂದಿಷ್ಟು ಹೋಗಿದ್ದರೆ ನಿಮಗೆ ಒಳ್ಳೆಯ ಸಾಕ್ಷಿ ಸಿಕ್ಕಿತು. ರಟ್ಟಿನ ಒಳಗೆ ಮಡಿಚಿಕೊಂಡಿದ್ದ ಆ ಪಟ್ಟಿಗೆ ಬೆಳಕೇ ಬಿದ್ದಿಲ್ಲ, ಮೂಲ ಬಣ್ಣ ಅದು.

ಕೆಂಪು, ಗುಲಾಬಿ, ನೇರಳೆ, ಕಿತ್ತಳೆ ಬಣ್ಣಗಳು ಬೇಗ ಸಾಯುತ್ತವೆ. ಕಪ್ಪು ಗಟ್ಟಿ. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿನ ಮೇಲೆ ಕೆಂಪಕ್ಷರದ ಶೀರ್ಷಿಕೆ ಪೂರ್ತಿ ಮಾಯವಾಗಿ ಪಕ್ಕದ ಕಪ್ಪಕ್ಷರ ಮಾತ್ರ ಉಳಿದಿರುತ್ತದೆ. ಅದನ್ನು ನೋಡಿದವರು ಬೆನ್ನಿನ ಮೇಲೆ ಹೆಸರೇ ಅಚ್ಚು ಹಾಕಿಲ್ಲ ಅಂದುಕೊಳ್ಳುವುದೂ ಇದೆ. ಓರೆಯಾಗಿ ಹಿಡಿದು ನೋಡಿ, ಬಣ್ಣ ಹೋದರೂ ಅಕ್ಷರದ ಆಕಾರ ಮಸುಕಾಗಿ ಕಂಡೀತು. ಪಕ್ಕದ ಪುಸ್ತಕ ಗಿಡ್ಡವಿದ್ದರೆ ಮುಂಭಾಗದ ಮೇಲೆ ಒಂದು ನೇರ ಗೆರೆ, ಆಚೆ ಮಾಸಲು, ಈಚೆ ಹೊಸ ಬಣ್ಣ, ಹಾಗೂ ಇರುತ್ತದೆ.

ಬಣ್ಣ ಹೋಗುವುದು, ಕಾಗದ ಹಳದಿಯಾಗುವುದು, ಕೊಳೆಯಾಗುವುದು, ಇವು ಮೂರೂ ಬೇರೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ಕಾಲಕ್ಕೆ ತಾನಾಗಿಯೇ ಅಂಚಿನಿಂದ ಕಂದಾಗುತ್ತದೆ. ಕೊಳೆ ಅಂದರೆ ಕೈ ತಾಗಿದ್ದು, ದೂಳು ಕೂತದ್ದು. ಬಿಳಿ ಹಿಂಭಾಗದಲ್ಲಿ ಬೇಗ ಗೊತ್ತಾಗುತ್ತದೆ. ಕಂದು ಚುಕ್ಕೆ ಚುಕ್ಕೆಯಾಗಿ ಹರಡಿದ್ದರೆ ಅದನ್ನು ಫಾಕ್ಸಿಂಗ್ ಎನ್ನುತ್ತಾರೆ. ತೇವದಲ್ಲಿ ಇಟ್ಟ ಪುಸ್ತಕಗಳಲ್ಲಿ ಜಾಸ್ತಿ. ಮೇಲ್ಪದರ ತಿಂದ ಹಾಗೆ, ಮಸುಕಾದ ವಕ್ರವಕ್ರ ತೇಪೆಗಳು ಕಂಡರೆ ಅದು ಸಿಲ್ವರ್‌ಫಿಶ್ ಹುಳುವಿನ ಕೆಲಸ. ಕಾಗದದ ಮೇಲಿನ ಗಂಜಿ ಅದಕ್ಕೆ ಊಟ.

ಫ್ಲ್ಯಾಪ್

ಮುಂದಿನ ಫ್ಲ್ಯಾಪ್‌ನ ಮೂಲೆಯಲ್ಲಿ ಬೆಲೆ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಮೇಲೆ, ಕೆಲವು ಪ್ರಕಾಶಕರಲ್ಲಿ ಕೆಳಗೆ. ಉಡುಗೊರೆ ಕೊಡುವವರು ಬೆಲೆ ಕಾಣಬಾರದೆಂದು ಆ ಮೂಲೆಯನ್ನು ತ್ರಿಕೋನವಾಗಿ ಕತ್ತರಿಸುತ್ತಿದ್ದರು. ಇಷ್ಟೇ ಆದರೆ ದೊಡ್ಡ ದೋಷ ಅಲ್ಲ. ತೊಂದರೆ ಏನೆಂದರೆ, ಬೆಲೆ ಹೋದರೆ ಗುರುತೂ ಹೋಯಿತು. ಒಂದೇ ಪುಸ್ತಕದ ಮೊದಲ ಮುದ್ರಣದ ಜಾಕೆಟ್ ಯಾವುದು, ಆಮೇಲಿನದ್ದು ಯಾವುದು ಎಂದು ಹೇಳುವುದು ಎಷ್ಟೋ ಸಲ ಆ ಬೆಲೆಯೇ. ಬುಕ್ ಕ್ಲಬ್, ಅಂದರೆ ಸದಸ್ಯರಿಗೆ ಅಗ್ಗಕ್ಕೆ ಪುಸ್ತಕ ಮಾರುವ ಸಂಸ್ಥೆ, ಹೊರತಂದ ಪ್ರತಿಗಳ ಫ್ಲ್ಯಾಪ್‌ನಲ್ಲಿ ಸಾಮಾನ್ಯವಾಗಿ ಬೆಲೆ ಇರುವುದೇ ಇಲ್ಲ, ಕೆಳಮೂಲೆಯಲ್ಲಿ ಬುಕ್ ಕ್ಲಬ್ ಎಡಿಷನ್ ಎಂದು ಇರಬಹುದು. ಮೇಲಿನ ಮೂಲೆ, ಕೆಳಗಿನ ಮೂಲೆ ಎರಡೂ ಕತ್ತರಿಸಿದ ಜಾಕೆಟ್ ಕಂಡರೆ ಯಾಕೆ ಕತ್ತರಿಸಿದರು ಎಂದು ಒಂದು ನಿಮಿಷ ಯೋಚಿಸಿ. ಪುಸ್ತಕದ ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಬಣ್ಣವಿಲ್ಲದೆ ಒತ್ತಿದ ಸಣ್ಣ ಚುಕ್ಕೆಯೋ ಚೌಕವೋ ಇದೆಯಾ ಎಂದೂ ಬೆರಳಾಡಿಸಿ ನೋಡಿ. ಅದು ಎಷ್ಟೋ ಅಮೆರಿಕನ್ ಬುಕ್ ಕ್ಲಬ್ ಪ್ರತಿಗಳ ಗುರುತು.

ಪ್ರಕಾಶಕರೇ ಕತ್ತರಿಸಿ ಹೊಸ ಬೆಲೆಯ ಸ್ಟಿಕ್ಕರ್ ಹಚ್ಚಿದ್ದೂ ಇದೆ. ಬ್ರಿಟನ್ 1971ರಲ್ಲಿ ದಶಮಾಂಶ ನಾಣ್ಯಕ್ಕೆ ಬದಲಾಯಿತು. ಆ ಹೊತ್ತಿನ ಜಾಕೆಟ್‌ಗಳಲ್ಲಿ ಹಳೆ ಬೆಲೆ, ಹೊಸ ಬೆಲೆ ಎರಡೂ ಒಟ್ಟಿಗೆ ಅಚ್ಚಾಗಿರುವುದು ಮಾಮೂಲಿ. ಅದನ್ನು ದೋಷದ ಪಟ್ಟಿಗೆ ಸೇರಿಸಬೇಡಿ. ಪೆನ್ನಿನ ಗುರುತೆಲ್ಲ ದೋಷ ಎಂದೂ ಅಲ್ಲ. ಗ್ಯಾಟ್ಸ್‌ಬಿಯ ಜಾಕೆಟ್‌ನ ಹಿಂಭಾಗದಲ್ಲಿ ನಾಯಕನ ಹೆಸರು "ಜೇ" ಇಂಗ್ಲಿಷಿನ ಸಣ್ಣ ಅಕ್ಷರದಿಂದ (j) ಶುರುವಾಗುವಂತೆ ತಪ್ಪಾಗಿ ಅಚ್ಚಾಗಿತ್ತು, ಬಹುಪಾಲು ಪ್ರತಿಗಳಲ್ಲಿ ಅದನ್ನು ಶಾಯಿಯಲ್ಲಿ ಕೈಯಿಂದ ದೊಡ್ಡಕ್ಷರ ಮಾಡಿದ್ದರು. ಗೊತ್ತಿಲ್ಲದವರು ಅದನ್ನು "ಯಾರೋ ಗೀಚಿದ್ದಾರೆ" ಎಂದು ಬರೆದಾರು.

ಈ ಜಾಕೆಟ್ ಈ ಪುಸ್ತಕದ್ದೇನಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಒಳ್ಳೆಯ ಪುಸ್ತಕಕ್ಕೆ ಬೇರೆ ಪ್ರತಿಯ ಜಾಕೆಟ್ ತಂದು ತೊಡಿಸುವುದು ಬಹಳ ಹಿಂದಿನಿಂದ ಇದೆ. ಅದು ಅದೇ ಮುದ್ರಣದ ಜಾಕೆಟ್ ಆಗಿದ್ದರೂ ಹೇಳಿಯೇ ಮಾರಬೇಕು. ಹೇಳದಿದ್ದರೆ ಕಂಡುಹಿಡಿಯುವುದು ಹೇಗೆ? ಜೊತೆಯಲ್ಲೇ ಬಾಳಿದ ಜಾಕೆಟ್ಟೂ ಪುಸ್ತಕವೂ ಒಂದರ ಮೇಲೊಂದು ಗುರುತು ಬಿಟ್ಟಿರುತ್ತವೆ, ಅದನ್ನು ಹುಡುಕಬೇಕು.

ಬೆನ್ನಿನ ತಲೆಯಲ್ಲಿ ಜಾಕೆಟ್ ಚಿಪ್ ಆಗಿದೆ ಎಂದಿಟ್ಟುಕೊಳ್ಳಿ. ಜಾಕೆಟ್ ಮತ್ತೆ ತೊಡಿಸಿ, ಚಿಪ್ಪಿನ ಸಂದಿಯಲ್ಲಿ ಬಟ್ಟೆ ಕಾಣುತ್ತದಲ್ಲ, ಅದರ ಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಕೆಟ್ ತೆಗೆಯಿರಿ. ಬಟ್ಟೆಯ ಮೇಲೆ ಅದೇ ಆಕಾರದ, ಅದೇ ಕೊಂಕಿನ ಮಾಸಲು ಕಲೆ ಇದ್ದರೆ ಈ ಎರಡೂ ಎಷ್ಟೋ ವರ್ಷ ಒಂದೇ ಕಪಾಟಿನಲ್ಲಿ ಒಟ್ಟಿಗೆ ನಿಂತಿದ್ದವು. ಇದನ್ನು ನಕಲು ಮಾಡುವುದು ಬಲು ಕಷ್ಟ. ಇನ್ನು ಉಲ್ಟಾ ಕೇಸ್: ಜಾಕೆಟ್‌ನ ಬೆನ್ನು ಹೊಸದರ ಹಾಗೆ ಮಿರುಗುತ್ತಿದೆ, ಕೆಳಗಿನ ಬಟ್ಟೆಯ ಬೆನ್ನು ಮಾತ್ರ ಪೂರ್ತಿ ಬಣ್ಣ ಕಳೆದುಕೊಂಡಿದೆ. ಜಾಕೆಟ್ ಮೇಲಿದ್ದಿದ್ದರೆ ಬಟ್ಟೆಗೆ ಬೆಳಕು ಹೇಗೆ ಬಿತ್ತು? ಈ ಜಾಕೆಟ್ ಆಮೇಲೆ ಬಂದದ್ದು, ಇಲ್ಲವೇ ಮೊದಲ ಮಾಲೀಕ ಅದನ್ನು ಬೇರೆ ಕಡೆ ಜೋಪಾನವಾಗಿ ಇಟ್ಟಿದ್ದ. ಎರಡನೆಯದು ಆಗಬಾರದೆಂದೇನಿಲ್ಲ, ಆದರೆ ಅದನ್ನು ಹೇಳಬೇಕಾದವರು ಮಾರುವವರು.

ರಟ್ಟು ತೆರೆದು ಒಳಹಾಳೆ ನೋಡಿ. ಫ್ಲ್ಯಾಪ್ ಎಷ್ಟೋ ವರ್ಷ ಒತ್ತಿಕೊಂಡಿದ್ದ ಜಾಗದಲ್ಲಿ ಅದರ ಅಗಲಕ್ಕೇ ಸರಿಯಾಗಿ ಒಂದು ನೆರಳು ಬಿದ್ದಿರುತ್ತದೆ. ಕೆಲವೊಮ್ಮೆ ಅಲ್ಲಿ ಬಣ್ಣ ಕಂದು, ಕೆಲವೊಮ್ಮೆ ಸುತ್ತಲಿಗಿಂತ ಬೆಳ್ಳಗೆ. ಫ್ಲ್ಯಾಪ್ ಅಲ್ಲಿಟ್ಟು ನೋಡಿ, ಗಡಿ ಸರಿಹೋಗಬೇಕು. ಮೂಲೆ ಕತ್ತರಿಸಿದ ಜಾಕೆಟ್ ಆಗಿದ್ದರೆ ನೆರಳಿನಲ್ಲೂ ಮೂಲೆ ಕತ್ತರಿಸಿದ ಹಾಗೆ ಇರಬೇಕು. ನೆರಳಿನ ಮೂಲೆ ಪೂರ್ತಿ ಇದ್ದು ಜಾಕೆಟ್ ಮೂಲೆ ಇಲ್ಲದಿದ್ದರೆ ಇತ್ತೀಚೆಗೆ ಕತ್ತರಿಸಿದ್ದಾರೆ, ಇಲ್ಲ ಜಾಕೆಟ್ ಬೇರೆಯದು.

ಮಡಿಕೆಗಳನ್ನೂ ನೋಡಿ. ಒಂದು ಮಡಿಕೆಯ ಪಕ್ಕ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಇನ್ನೊಂದು ಹಳೆ ಮಡಿಕೆ ಉದ್ದಕ್ಕೂ ಓಡಿದ್ದರೆ ಈ ಜಾಕೆಟ್ ಮೊದಲು ದಪ್ಪವೋ ತೆಳುವೋ ಆದ ಬೇರೆ ಪ್ರತಿಯ ಮೇಲಿತ್ತು. ಹಿಂದಿನ ಫ್ಲ್ಯಾಪ್, ಹಿಂಭಾಗ ಓದುವುದನ್ನೂ ಬಿಡಬೇಡಿ. ಇದೇ ಪುಸ್ತಕಕ್ಕೆ ಬಂದ ಪತ್ರಿಕಾ ವಿಮರ್ಶೆಯ ಸಾಲುಗಳು ಅಲ್ಲಿದ್ದರೆ ಅನುಮಾನಪಡಿ. ಪುಸ್ತಕ ಹೊರಬಂದ ಮೇಲಲ್ಲವೇ ವಿಮರ್ಶೆ ಬರುವುದು? ಕೆಲವು ಸಲ ಮುಂಚೆಯೇ ಪ್ರತಿ ಕಳಿಸಿ ಬರೆಸಿದ ಮಾತುಗಳೂ ಇರುತ್ತವೆ, ಆದರೂ ಹೆಚ್ಚಾಗಿ ಅದು ಆಮೇಲಿನ ಮುದ್ರಣದ ಗುರುತು. ಆ ಲೇಖಕರ ಮುಂದಿನ ಪುಸ್ತಕದ ಜಾಹೀರಾತು ಇದ್ದರಂತೂ ಮಾತೇ ಇಲ್ಲ.

ನಕಲು ಜಾಕೆಟ್

ನಕಲು ಜಾಕೆಟ್ ಮಾಡುವುದೇ ತಪ್ಪು ಎಂದಲ್ಲ. ಜಾಕೆಟ್ ಇಲ್ಲದ ಪುಸ್ತಕಕ್ಕೆ ಚಂದಕ್ಕೆಂದು ಹೊದಿಸುತ್ತಾರೆ. ಮರ್ಯಾದಸ್ಥರು ಫ್ಲ್ಯಾಪ್ ಮೇಲೆ ಅದು ನಕಲು ಎಂದು ಅಚ್ಚು ಹಾಕಿರುತ್ತಾರೆ. ಆ ಸಾಲನ್ನು ಕತ್ತರಿಸಿ ಮಾರುವವರಿಂದ ತೊಂದರೆ.

ಭೂತಗನ್ನಡಿ ಹಿಡಿದು ಫ್ಲ್ಯಾಪ್‌ನ ಸಣ್ಣ ಕಪ್ಪಕ್ಷರ ನೋಡಿ. ಹಳೆಯ ಮುದ್ರಣದಲ್ಲಿ ಅಕ್ಷರ ಒಂದೇ ಶಾಯಿಯದ್ದು, ಅಂಚು ಚೊಕ್ಕ. ಸ್ಕ್ಯಾನ್ ಮಾಡಿ ಬಣ್ಣದ ಪ್ರಿಂಟರ್‌ನಲ್ಲಿ ತೆಗೆದದ್ದಾದರೆ ಕಪ್ಪಕ್ಷರದ ಸುತ್ತ ನೀಲಿ, ಗುಲಾಬಿ, ಹಳದಿ ಚುಕ್ಕೆ ಚೆಲ್ಲಿರುತ್ತದೆ. ಹಳೆ ಜಾಕೆಟ್‌ಗಳ ಚಿತ್ರಗಳಲ್ಲಿಯೂ ಚುಕ್ಕೆಗಳ ಸಾಲು ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅಕ್ಷರವನ್ನೇ ನಂಬಿ.

ಇನ್ನೊಂದು ಒಳ್ಳೆಯ ಉಪಾಯ ಇದೆ. ಸ್ಕ್ಯಾನ್ ಮಾಡುವಾಗ ಮೂಲ ಜಾಕೆಟ್‌ನ ಸುಕ್ಕೂ ಹರಕೂ ಚಿತ್ರವಾಗಿ ಬಂದುಬಿಡುತ್ತವೆ. ಕಣ್ಣಿಗೆ ಸುಕ್ಕು ಕಾಣುತ್ತಿದೆ, ಬೆರಳು ಎಳೆದರೆ ನುಣುಪು. ಓರೆ ಬೆಳಕಿನಲ್ಲಿ ನೆರಳೇ ಬೀಳುವುದಿಲ್ಲ. ಆ ಸುಕ್ಕು ಅಚ್ಚಾದ ಸುಕ್ಕು.

ಈಗ ಯುವಿ ಟಾರ್ಚ್. 1950ರ ದಶಕದಿಂದ ಕಾಗದವನ್ನು ಇನ್ನೂ ಬೆಳ್ಳಗೆ ತೋರಿಸಲು ಒಂದು ರಾಸಾಯನಿಕ ಬೆರೆಸುವುದು ಹೆಚ್ಚಾಯಿತು. ಅದು ಯುವಿ ಬೆಳಕಿಗೆ ನೀಲಿ ಬಿಳುಪಾಗಿ ಉರಿಯುತ್ತದೆ. 1930ರ ಜಾಕೆಟ್ ಎಂದು ಹೇಳಿದ ಕಾಗದ ಕತ್ತಲಲ್ಲಿ ಹಾಗೆ ಉರಿದರೆ ಮುಂದೆ ಮಾತಾಡುವುದು ಬೇಡ. ಉಲ್ಟಾ ಮಾತ್ರ ನಿಜವಲ್ಲ: ಉರಿಯದಿದ್ದರೆ ಅಸಲಿ ಎಂದು ಅರ್ಥವಲ್ಲ, ಆ ರಾಸಾಯನಿಕ ಇಲ್ಲದ ಕಾಗದ ಈಗಲೂ ಸಿಗುತ್ತದೆ. 1970ರ ಜಾಕೆಟ್ ಉರಿದರೆ ಅದರಲ್ಲಿ ಏನೂ ವಿಶೇಷ ಇಲ್ಲ. ಇಡೀ ಜಾಕೆಟ್ ಮಂಕಾಗಿದ್ದು ಬೆನ್ನಿನ ತುದಿಯಲ್ಲಿ ಒಂದು ತುಂಡು ಮಾತ್ರ ಬೇರೆ ಥರ ಕಂಡರೆ, ಅಲ್ಲಿ ಚಿಪ್ ತುಂಬಿ ಬಣ್ಣ ಹಚ್ಚಿದ್ದಾರೆ.

ದರ್ಜೆ ಹಾಕುವುದು

ಈಗ ಮಾತ್ರ ದರ್ಜೆಯ ಪ್ರಶ್ನೆ. ಈಗ ಬಳಸುವ ಮೆಟ್ಟಿಲುಗಳು ಹೆಚ್ಚೂಕಮ್ಮಿ ಎಬಿ ಬುಕ್‌ಮನ್ಸ್ ವೀಕ್ಲಿ ಎಂಬ ಅಮೆರಿಕನ್ ಪತ್ರಿಕೆ 1949ರಲ್ಲಿ ಮುಂದಿಟ್ಟವು: ಆ್ಯಸ್ ನ್ಯೂ, ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್. ನಡುವೆ ನಿಯರ್ ಫೈನ್ ಸೇರಿಕೊಂಡಿದೆ. ಮಾರುವವರ ಪಟ್ಟಿಯಲ್ಲಿ ಎರಡು ದರ್ಜೆ ಓರೆಗೆರೆ ಹಾಕಿ ಬರೆದಿದ್ದರೆ ಮೊದಲನೆಯದು ಪುಸ್ತಕದ್ದು, ಎರಡನೆಯದು ಜಾಕೆಟ್‌ದು. ಎರಡನೇ ಜಾಗ ಖಾಲಿ ಇದ್ದರೆ ಜಾಕೆಟ್ ಇಲ್ಲ ಅಂದುಕೊಳ್ಳಿ, ಇಲ್ಲವೇ ಕೇಳಿ.

ಹೊಸಬರು ಎಡವುವುದು ಗುಡ್ ಎಂಬಲ್ಲಿ. ಈ ಲೋಕದಲ್ಲಿ ಗುಡ್ ಅಂದರೆ ಚೆನ್ನಾಗಿಲ್ಲ ಅಂತಲೇ. ಹರಿದಿದೆ, ಚಿಪ್ ಇದೆ, ಮಾಸಿದೆ, ಆದರೆ ಹೆಚ್ಚುಕಡಿಮೆ ಪೂರ್ತಿ ಇದೆ. ವೆರಿ ಗುಡ್ ಅಂದರೆ ಬಳಸಿದ್ದು ಗೊತ್ತಾಗುತ್ತದೆ, ಸಣ್ಣ ಹರಕು, ಸ್ವಲ್ಪ ಸವೆತ ಇರಬಹುದು, ದೊಡ್ಡ ತುಂಡು ಹೋಗಿರಬಾರದು. ಫೈನ್‌ನಲ್ಲಿ ಹೇಳಿಕೊಳ್ಳುವಂಥ ದೋಷವೇ ಇರಬಾರದು. ದೋಷ ಎಷ್ಟು ಎಂದು ಎಣಿಸಿ ದರ್ಜೆ ಹಾಕಬೇಡಿ, ಎಲ್ಲಕ್ಕಿಂತ ಕೆಟ್ಟದ್ದು ಯಾವುದೋ ಅದನ್ನು ನೋಡಿ. ಉಳಿದೆಲ್ಲ ಫೈನ್ ಇದ್ದು ಬೆನ್ನಿನ ಹೆಸರಿನ ಅರ್ಧ ಉದುರಿದ್ದರೆ ಆ ಜಾಕೆಟ್ ಗುಡ್, ಅಷ್ಟೇ.

"ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಎಂಬುದು ದರ್ಜೆಯೇ ಅಲ್ಲ. 1920ರ ಜಾಕೆಟ್ ಎಷ್ಟೇ ಅಪರೂಪ ಇರಲಿ, ಹರಿದಿದ್ದರೆ ಹರಿದಿದೆ. ಅಪರೂಪದಿಂದ ಬೆಲೆ ಏರಬಹುದು, ದರ್ಜೆ ಏರುವುದಿಲ್ಲ. ರಿಪೇರಿ ಆದ ಜಾಕೆಟ್‌ಗೆ ಈಗ ಕಾಣುವ ಅಂದಕ್ಕೆ ದರ್ಜೆ ಹಾಕಿ, ಪಕ್ಕದಲ್ಲೇ ಏನೇನು ರಿಪೇರಿ ಎಂದು ಬಿಡಿಸಿ ಬರೆಯಿರಿ. ಬರೀ ದರ್ಜೆ ಕೊಟ್ಟು ರಿಪೇರಿ ಮುಚ್ಚಿಟ್ಟರೆ ಅದು ಮೋಸ.

ದರ್ಜೆಗಿಂತ ವಿವರಣೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೀಗೆ ಬರೆದರೆ ಸಾಕು:

"ಜಾಕೆಟ್ ವೆರಿ ಗುಡ್. ಬೆಲೆ ಇದೆ, ಕತ್ತರಿಸಿಲ್ಲ. ಬೆನ್ನಿನ ಕೆಂಪು ಮುಂಭಾಗಕ್ಕಿಂತ ಮಾಸಿದೆ, ಹೆಸರು ಓದಲು ಬರುತ್ತದೆ. ಬೆನ್ನಿನ ತಲೆಯಲ್ಲಿ 6 ಮಿ.ಮೀ. ಅಗಲ, 3 ಮಿ.ಮೀ. ಆಳದ ಚಿಪ್, ಅಕ್ಷರಕ್ಕೆ ತಾಗಿಲ್ಲ. ಮುಂಭಾಗದ ಮೇಲಂಚಿನಲ್ಲಿ 15 ಮಿ.ಮೀ. ಹರಕು, ಒಳಗಡೆ ಹಳೆ ಟೇಪ್, ಕಲೆ ಹೊರಕ್ಕೆ ದಾಟಿಲ್ಲ. ಹಿಂಭಾಗ ಸ್ವಲ್ಪ ಕೊಳೆ. ಬಣ್ಣ ಹಚ್ಚಿದ ಗುರುತಿಲ್ಲ."

ಫೋಟೊ ನೋಡಿ ಕೊಳ್ಳುವುದಾದರೆ

ಕೈಗೆ ಸಿಗದ ಜಾಕೆಟ್ ಆದರೆ ನಾಲ್ಕು ಫೋಟೊ ಕೇಳಿ. ಪ್ಲಾಸ್ಟಿಕ್ ತೆಗೆದು ಹರಡಿದ ಒಳಮೈ ಪೂರ್ತಿ. ಮುಂಭಾಗ ಮತ್ತು ಬೆನ್ನು ಒಂದೇ ಚೌಕಟ್ಟಿನಲ್ಲಿ, ಹಗಲು ಬೆಳಕಿನಲ್ಲಿ. ಎರಡೂ ಫ್ಲ್ಯಾಪ್, ಮೂಲೆಗಳು ಕಾಣುವಂತೆ. ಜಾಕೆಟ್ ಇಲ್ಲದ ಪುಸ್ತಕದ ಬೆನ್ನು. ಒಳಮೈ ಫೋಟೊ ಕೇಳಿದ ಮೇಲೆ ಉತ್ತರವೇ ಬಾರದಿದ್ದರೆ ಅದೇ ಉತ್ತರ.

ವಾಪಸ್ ತೊಡಿಸುವಾಗ

ಹಳೆ ಮಡಿಕೆಯಲ್ಲೇ ಮಡಿಚಿ, ಹೊಸ ಮಡಿಕೆ ಹಾಕಬೇಡಿ. ರಬ್ಬರ್ ಹಾಕಿ ಉಜ್ಜುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇಡ. ಮೆತ್ತಗಿನ ಬ್ರಷ್‌ನಲ್ಲಿ ದೂಳು ತೆಗೆದರೆ ಸಾಕು. ಹೊದಿಕೆ ಪಾಲಿಯೆಸ್ಟರ್‌ದು ಇರಲಿ, ಮೈಲಾರ್ ಎಂದು ಕೇಳಿದರೆ ಸಿಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಕಾಲಕ್ಕೆ ಅಂಟಂಟಾಗಿ ಶಾಯಿಯನ್ನೇ ಎತ್ತಿಕೊಳ್ಳಬಹುದು. ಹೊದಿಕೆಯನ್ನು ಜಾಕೆಟ್‌ಗಾಗಲಿ ರಟ್ಟಿಗಾಗಲಿ ಅಂಟಿಸಬೇಡಿ. ಮಾಮೂಲಿ ಹೊದಿಕೆ ಬಿಸಿಲು ತಡೆಯುವುದಿಲ್ಲ, ಅದರ ಒಳಗೂ ಬಣ್ಣ ಹೋಗುತ್ತಲೇ ಇರುತ್ತದೆ. ಮ್ಯೂಸಿಯಂಗಳು ಇಂಥ ಕಾಗದವನ್ನು ಪ್ರದರ್ಶನಕ್ಕಿಡುವಾಗ ಬೆಳಕನ್ನು 50 ಲಕ್ಸ್‌ಗೆ ಇಳಿಸುತ್ತವೆ. ಕಿಟಕಿಯ ಎದುರಿನ ಕಪಾಟಿನಲ್ಲಿ ಅದರ ಎಷ್ಟೋ ಪಟ್ಟು ಬೀಳುತ್ತದೆ, ಆ ಕಪಾಟಿಗೆ ಜಾಕೆಟ್ ಇಲ್ಲದ ಪುಸ್ತಕಗಳನ್ನು ಇಡಿ. ಬರೆದುಕೊಂಡ ಟಿಪ್ಪಣಿಯನ್ನು ಪುಸ್ತಕದೊಳಗೆ ಸಿಕ್ಕಿಸಬೇಡಿ, ಬೇರೆ ಫೈಲ್‌ನಲ್ಲಿಡಿ. ಅಗ್ಗದ ಕಾಗದದ ಚೀಟಿ ಒಳಹಾಳೆಯ ಮೇಲೆ ತನ್ನದೇ ಕಂದು ಚೌಕ ಬಿಡುತ್ತದೆ.